ಆಸ್ಪತ್ರೆ ಮಂಚಕ್ಕೆ ದುಡ್ಡು, ಮನೆ ಮಂಚಕ್ಕೆ ಪಂಗನಾಮ!

ಲಕ್ವ ಹೊಡೆದ ಹಿರಿಯರನ್ನು ಹತ್ತು ಹದಿನೈದು ದಿನ ಆಸ್ಪತ್ರೆಯಲ್ಲಿಟ್ಟು, ‘ಇನ್ನು ಮನೇಲಿ ಚೆನ್ನಾಗಿ ನೋಡ್ಕೊಳ್ಳಿ’ ಅಂತ ಚೀಟಿ ಕೊಟ್ಟು ಕಳಿಸುತ್ತಾರೆ. ಅಲ್ಲೀವರೆಗಿನ ಬಿಲ್ಲಿಗೆ ವಿಮೆ ಉಂಟು. ಅಸಲು ಖರ್ಚು ಶುರುವಾಗೋದೇ ಆಮೇಲೆ. ಎತ್ತಿ ಕೂರಿಸಲು, ಮೈ ಒರೆಸಲು, ಬಟ್ಟೆ ಬದಲಿಸಲು ಹಗಲೂ ರಾತ್ರಿ ಒಬ್ಬರು ಬೇಕು. ಆರು ತಿಂಗಳೋ, ಆರು ವರ್ಷವೋ, ಬಲ್ಲವರ್ಯಾರು?

‘ಹೇಗೂ ಪಾಲಿಸಿ ಇದೆಯಲ್ಲ’ ಎಂದು ನಂಬಿ ಕೂತವರು ಅದರ ಸಣ್ಣ ಅಕ್ಷರ ಓದಬೇಕು. ಸ್ನಾನ ಮಾಡಿಸೋದು, ಬಟ್ಟೆ ತೊಡಿಸೋದು, ಓಡಾಡಿಸೋದು, ಇದನ್ನು ನರ್ಸ್ ಮಾಡಲಿ, ಆಯಾ ಮಾಡಲಿ, ಮನೆಯಲ್ಲಾಗಲಿ, ನರ್ಸಿಂಗ್ ಹೋಮಿನಲ್ಲಾಗಲಿ, ಕಾಸು ಇಲ್ಲ! 2020ರ ಏಪ್ರಿಲ್‌ನಲ್ಲಿ ಬಂದ ‘ಆರೋಗ್ಯ ಸಂಜೀವನಿ’ ಪಾಲಿಸಿಯಲ್ಲೂ ಇದೇ ಕತೆ. ಬಿಡುಗಡೆಯಾದ ಮೇಲೆ 60 ದಿನದವರೆಗೆ ಔಷಧಿ, ತಪಾಸಣೆಯ ಖರ್ಚು ಕೊಡುತ್ತಾರೆ. ಆರೈಕೆಯ ಕೂಲಿ ಅದರಲ್ಲಿ ಸೇರಿಲ್ಲ.

ಸರ್ಕಾರಿ ಕಾರ್ಡಾದರೂ ಕೈ ಹಿಡಿದೀತೇ? 70 ದಾಟಿದವರಿಗೆಲ್ಲ ವರ್ಷಕ್ಕೆ 5 ಲಕ್ಷ ರೂಪಾಯಿ ಎಂದು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಯೋಜನೆ ವಿಸ್ತರಿಸಿತು. ಆದರೆ ಅದೂ ಆಸ್ಪತ್ರೆ ಸೇರಿದವರಿಗೆ. ಮನೆಗೆ ಬಂದ ಮೇಲೆ 15 ದಿನಕ್ಕೆ ಮುಗೀತು.

ಹಾಗಾದರೆ ಆರೈಕೆಗೇ ಬೇರೆ ವಿಮೆ ಮಾಡಿದರಾಯ್ತು ಅನ್ನಬಹುದು. ಅಮೆರಿಕದಲ್ಲಿ ಆ ಪ್ರಯೋಗವೂ ಆಗಿದೆ. ಜನ ಹೆಚ್ಚು ಕಾಲ ಬದುಕಿದರು, ಅರ್ಧಕ್ಕೆ ಪಾಲಿಸಿ ಬಿಡುವವರು ಎಣಿಸಿದಷ್ಟು ಸಿಗಲಿಲ್ಲ. ಕಂಪನಿಗಳ ಲೆಕ್ಕ ತಲೆಕೆಳಗಾಯ್ತು, ಕಂತು ಏರಿತು. ವರ್ಷಗಟ್ಟಲೆ ಕಟ್ಟಿದ ಮುದುಕರು, ಏರಿದ ಕಂತು ಕಟ್ಟೋದೋ ಇಲ್ಲಾ ಕಟ್ಟಿದ್ದನ್ನೆಲ್ಲ ನೀರಿಗೆ ಬಿಡೋದೋ ಅಂತ ಒದ್ದಾಡಿದರು. ಪೆನ್ ಟ್ರೀಟಿ ಎಂಬ ಕಂಪನಿಗೆ 2017ರಲ್ಲಿ ನ್ಯಾಯಾಲಯದ ಆದೇಶದಂತೆ ಬಾಗಿಲು ಹಾಕಿಸಲಾಯಿತು.

ನಮ್ಮಲ್ಲಿ ಈ ಕಂತು ಕಟ್ಟುತ್ತಿರುವವರು ಮನೆಯ ಹೆಣ್ಣುಮಕ್ಕಳು. ಕೂಲಿ ಬಿಟ್ಟ ಸೊಸೆ, ಕಾಲೇಜು ಬಿಟ್ಟ ಮೊಮ್ಮಗಳು. ಇವರಿಗೆ ರಸೀದಿಯೂ ಇಲ್ಲ, ಬೋನಸ್ಸೂ ಇಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿದರೆ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು, ನಿಜ. ಮಕ್ಕಳ ಜೇಬೇ ಖಾಲಿ ಇದ್ದರೆ ಕಾಯ್ದೆ ತಾನೇ ಏನು ಮಾಡೀತು?

ಆರೈಕೆಯನ್ನೂ ಚಿಕಿತ್ಸೆ ಎಂದು ಸರ್ಕಾರ ಒಪ್ಪುವವರೆಗೆ ಓದುಗರು ಒಂದು ಕೆಲಸ ಮಾಡಬಹುದು. ಏಜೆಂಟರು ಮನೆಗೆ ಬಂದು ಕಾಫಿ ಕುಡಿಯುವಾಗ ಕೇಳಿ: ‘ಹಾಸಿಗೆ ಹಿಡಿದವರನ್ನು ಮನೇಲಿ ನೋಡ್ಕೊಳ್ಳೋಕೆ ಎಷ್ಟು ಕೊಡ್ತೀರಿ, ಸ್ವಾಮಿ?’

ಉತ್ತರ ಬಾಯಲ್ಲಿ ಬೇಡ. ಬರೆದೇ ಕೊಡಲಿ.