ಪೆಟ್ಟಿಗೆ ತಂಬೂರಿ: ನಂಬಿಕೆ ಎಷ್ಟು, ನಿಜ ಎಷ್ಟು?

ಕಛೇರಿಯಲ್ಲಿ ಗಾಯಕರ ಮಗ್ಗುಲಿಗೆ ಎಲೆಕ್ಟ್ರಾನಿಕ್ ಪೆಟ್ಟಿಗೆಯೋ ತಂಬೂರಿ ಆ್ಯಪ್ ಹಾಕಿಟ್ಟ ಮೊಬೈಲೋ ಕಂಡರೆ ರಸಿಕರಲ್ಲಿ ಎರಡು ಮಾತು ಕೇಳಿಬರುತ್ತವೆ. ಯಂತ್ರ ಬಂದು ಸಂಗೀತ ಕೆಟ್ಟಿತು ಎನ್ನುವವರು ಕೆಲವರು, ಶ್ರುತಿಯ ತಲೆನೋವೇ ತಪ್ಪಿತು ಎನ್ನುವವರು ಇನ್ನು ಕೆಲವರು. ಎರಡೂ ಪೂರ್ತಿ ನಿಜವಲ್ಲ.

ನಂಬಿಕೆ: ವೇದಿಕೆಗೆ ಯಂತ್ರದ ನಾದ ತಂದವರು ಈಗಿನ ಸಿನಿಮಾ, ಪಾಪ್ ಮಂದಿ.

ಸತ್ಯ: 1924ರಲ್ಲೇ ಇಟಲಿಯ ಸಂಗೀತ ಸಂಯೋಜಕ ರೆಸ್ಪಿಗಿ ‘ಪೈನ್ಸ್ ಆಫ್ ರೋಮ್’ ಕೃತಿಯಲ್ಲಿ ವಾದ್ಯವೃಂದದ ನಡುವೆ ನೈಟಿಂಗೇಲ್ ಹಕ್ಕಿಯ ದನಿಯನ್ನು ಗ್ರಾಮಫೋನ್ ತಟ್ಟೆಯಿಂದ ಕೇಳಿಸಿದ್ದ. ನಮ್ಮಲ್ಲಿ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ರೂಪಿಸಿದವರು ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್. ಅವರು ಸ್ವತಃ ಕೊಳಲು ವಾದಕರು.

ನಂಬಿಕೆ: ಪೆಟ್ಟಿಗೆ ಇದ್ದರೆ ಅಪಸ್ವರ ಮುಚ್ಚಿಹೋಗುತ್ತದೆ.

ಸತ್ಯ: ಆಗುವುದು ಇದರ ತದ್ವಿರುದ್ಧ. 1997ರಲ್ಲಿ ಬಂದ ಆಟೋಟ್ಯೂನ್ ತಂತ್ರಾಂಶ ಹಾಡುವವರ ಸ್ವರವನ್ನೇ ತಿದ್ದುತ್ತದೆ. ತಂಬೂರಿ ಪೆಟ್ಟಿಗೆ ಕಂಠದ ತಂಟೆಗೇ ಹೋಗುವುದಿಲ್ಲ. ಷಡ್ಜ ಪಂಚಮಗಳನ್ನು ಬಿಡದೆ ನುಡಿಯುತ್ತಿರುತ್ತದೆ, ಅಷ್ಟೇ. ಗಾಯಕರು ಕೂದಲೆಳೆಯಷ್ಟು ಸರಿದರೂ ಅದರ ಎದುರು ಎದ್ದು ಕೇಳುತ್ತದೆ.

ನಂಬಿಕೆ: ಪೆಟ್ಟಿಗೆಗೂ ತಂಬೂರಿಗೂ ಏನೂ ವ್ಯತ್ಯಾಸವಿಲ್ಲ.

ಸತ್ಯ: ಈಗಿನ ಎಷ್ಟೋ ಪೆಟ್ಟಿಗೆಗಳು, ಆ್ಯಪ್‌ಗಳು ಅಸಲಿ ತಂಬೂರಿಯ ಧ್ವನಿಮುದ್ರಣವನ್ನೇ ಮತ್ತೆ ಮತ್ತೆ ನುಡಿಸುತ್ತವೆ. ಬರೀ ಗುಂಯ್‌ಗುಟ್ಟುವ ಯಂತ್ರ ಎಂದು ತಳ್ಳಿಹಾಕುವುದು ಅನ್ಯಾಯ. ಆದರೆ ತಂಬೂರಿಯನ್ನು ಹತ್ತಿರದಿಂದ ನೋಡಿ. ಕುದುರೆಯ ಮೇಲೆ ಪ್ರತಿ ತಂತಿಯ ಅಡಿಗೂ ಒಂದೆಳೆ ನೂಲು ಸಿಕ್ಕಿಸಿರುತ್ತಾರೆ, ಅದೇ ಜೀವಾಳ. ನೂಲನ್ನು ಅತ್ತಿತ್ತ ಸರಿಸಿ ತಕ್ಕ ಜಾಗಕ್ಕೆ ತಂದಾಗ ತಂತಿ ಕುದುರೆಗೆ ತಾಗಿಯೂ ತಾಗದಂತೆ ಕಂಪಿಸುತ್ತದೆ, ಉಪಸ್ವರಗಳು ಅರಳುತ್ತವೆ. ಮಂದ್ರದ ತಂತಿ ಮೀಟಿದರೆ ಯಾರೂ ನುಡಿಸದ ಅಂತರ ಗಾಂಧಾರ ತಾನಾಗಿ ಕೇಳಿಸುತ್ತದೆ! ಒಳ್ಳೆಯ ಧ್ವನಿಮುದ್ರಣದಲ್ಲಿ ಇದೂ ಬಹುಮಟ್ಟಿಗೆ ಉಳಿಯುತ್ತದೆ. ಸೋಲುವುದು ಸ್ಪೀಕರು. ಒಂದು ಮನೆ ಶ್ರುತಿಯಲ್ಲಿ ಹಾಡುವ ಗಂಡಸರ ಮಂದ್ರದ ತಂತಿ ಕಂಪಿಸುವುದು ಸುಮಾರು 65 ಹರ್ಟ್ಸ್‌ನಲ್ಲಿ. ಅಂಗೈಯಗಲದ ಸ್ಪೀಕರಿನಿಂದ ಅಷ್ಟು ತಗ್ಗಿನ ನಾದ ತುಂಬಿ ಬರುವುದಿಲ್ಲ. ಮೊಬೈಲನ್ನು ಮೈಕಿನ ಮುಂದೆ ಇಟ್ಟರಂತೂ ಸಭೆಗೆ ತಲುಪುವುದು ನಾದದ ಮೇಲ್ಪದರ ಮಾತ್ರ. ಕೊರತೆ ತುಂಬಲೆಂದು ವಾಲ್ಯೂಮ್ ಏರಿಸಿದರೆ ಪಕ್ಕವಾದ್ಯದ ಪಿಟೀಲಿನ ನಯ ಅದರಲ್ಲಿ ಮುಳುಗಿಹೋಗುತ್ತದೆ.

ತಂಬೂರಿ ಮೀಟುವವರಿಗೆ ಕಿವಿಯೂ ಇದೆ. ಕಛೇರಿಯ ನಡುವೆ ತಂತಿ ಇಳಿದರೆ ಮಣಿ ಸರಿಸಿ ಶ್ರುತಿ ಸೇರಿಸುತ್ತಾರೆ, ರಾಗಕ್ಕೆ ಮಧ್ಯಮ ಬೇಕಾದರೆ ಪಂಚಮದ ತಂತಿಯನ್ನು ಬದಲಿಸಿಕೊಳ್ಳುತ್ತಾರೆ.

ಮನೆಯ ಸಾಧನೆಗೆ, ಪಾಠಕ್ಕೆ, ಪ್ರಯಾಣಕ್ಕೆ ಪೆಟ್ಟಿಗೆ ನಿಜಕ್ಕೂ ಉಪಕಾರಿ. ಕಛೇರಿಗೆ ಮಾತ್ರ ತಂಬೂರಿಯೇ ಬೇಕು. ಅದು ವೇದಿಕೆಯಿಂದ ಸರಿಯಲು ತಂತ್ರಜ್ಞಾನವೊಂದೇ ಕಾರಣವಲ್ಲ. ಅದನ್ನು ಸಾಗಿಸುವ ಕಷ್ಟವೂ ಮೀಟುವವರಿಗೆ ಸಂಭಾವನೆ ಕೊಡಲು ಹಿಂಜರಿಯುವ ಸಭೆಗಳ ಲೆಕ್ಕಾಚಾರವೂ ಅದರಲ್ಲಿ ಸೇರಿವೆ. ಸಂಘಟಕರೇ, ಮುಂದಿನ ಕಛೇರಿಯ ಖರ್ಚಿನ ಪಟ್ಟಿಯಲ್ಲಿ ತಂಬೂರಿ ಕಲಾವಿದರ ಹೆಸರನ್ನೂ ಸೇರಿಸಿ.