ಬ್ರೇಕ್ ಪೆಡಲ್ ಕಂಪನ

ಬ್ರೇಕ್ ಪೆಡಲ್ ಕಂಪನವು ಡಿಸ್ಕ್ ಬ್ರೇಕ್ ಇರುವ ಕಾರುಗಳಲ್ಲಿ ಕಂಡುಬರುವ ಒಂದು ದೋಷ. ಬ್ರೇಕ್ ಒತ್ತಿದಾಗ ಪೆಡಲ್ ಚಾಲಕನ ಪಾದದಡಿಯಲ್ಲಿ ಲಯಬದ್ಧವಾಗಿ ಮಿಡಿಯುತ್ತದೆ. ವೇಗ ತಗ್ಗಿದಂತೆ ಮಿಡಿತವೂ ನಿಧಾನವಾಗುತ್ತದೆ.

ಕಾರಣಗಳು

ಡಿಸ್ಕ್ ಶಾಖದಿಂದ ಬಾಗಿದೆ ಎಂಬುದು ರೂಢಿಯ ವಿವರಣೆ. ಆದರೆ ಬಹುತೇಕ ಸಂದರ್ಭಗಳಲ್ಲಿ ಡಿಸ್ಕ್‌ನ ದಪ್ಪ ಎಲ್ಲೆಡೆ ಸಮನಾಗಿರದಿರುವುದೇ ಮೂಲ. ದಪ್ಪನೆಯ ಭಾಗವು ಪ್ಯಾಡ್‌ಗಳ ನಡುವೆ ಬಂದಾಗ ಕ್ಯಾಲಿಪರ್‌ನ ಪಿಸ್ಟನ್ ಹಿಂದಕ್ಕೆ ಸರಿದು, ಆ ಒತ್ತಡ ಬ್ರೇಕ್ ದ್ರವದ ಮೂಲಕ ಪೆಡಲನ್ನು ತಲುಪುತ್ತದೆ. ಹಬ್ ಮೇಲಿನ ತುಕ್ಕು ಅಥವಾ ಚಕ್ರದ ನಟ್‌ಗಳ ಅಸಮ ಬಿಗಿತದಿಂದ ಡಿಸ್ಕ್ ಓರೆಯಾಗಿ ತಿರುಗುತ್ತದೆ. ಬ್ರೇಕ್ ಒತ್ತದಿದ್ದಾಗಲೂ ಪ್ರತಿ ಸುತ್ತಿನಲ್ಲಿ ಒಂದೇ ಜಾಗದಲ್ಲಿ ಪ್ಯಾಡ್‌ಗೆ ತಗುಲಿ ಅಲ್ಲಿ ಸವೆಯುತ್ತದೆ. ಪ್ಯಾಡ್‌ನ ವಸ್ತು ಡಿಸ್ಕ್‌ಗೆ ಅಸಮವಾಗಿ ಅಂಟುವುದೂ ಇನ್ನೊಂದು ಕಾರಣ.

ಪತ್ತೆ

ತುರ್ತಾಗಿ ಬ್ರೇಕ್ ಹಾಕಿದಾಗ ಅಥವಾ ಜಾರುವ ರಸ್ತೆಯಲ್ಲಿ ಎಬಿಎಸ್ ಕೆಲಸ ಮಾಡುವಾಗಿನ ಮಿಡಿತ ಸಹಜವಾದುದು. ಆಗ ಪೆಡಲ್‌ನಿಂದ ಕಾಲು ತೆಗೆಯಬಾರದು. ಸ್ಟೀರಿಂಗ್ ಕೂಡ ನಡುಗಿದರೆ ದೋಷ ಸಾಮಾನ್ಯವಾಗಿ ಮುಂದಿನ ಚಕ್ರಗಳಲ್ಲಿರುತ್ತದೆ. ಡಿಸ್ಕ್‌ನ ದಪ್ಪವನ್ನು ಸುತ್ತಲೂ ಹಲವೆಡೆ ಮೈಕ್ರೊಮೀಟರ್‌ನಿಂದಲೂ, ಓರೆಯನ್ನು ಡಯಲ್ ಗೇಜ್‌ನಿಂದಲೂ ಅಳೆಯಲಾಗುತ್ತದೆ. ದಪ್ಪದಲ್ಲಿ 0.02 ಮಿಲಿಮೀಟರ್‌ನಷ್ಟು ವ್ಯತ್ಯಾಸವಿದ್ದರೂ ಪಾದಕ್ಕೆ ತಿಳಿಯಬಹುದು.

ದುರಸ್ತಿ

ಡಿಸ್ಕನ್ನು ಲೇತ್‌ನಲ್ಲಿ ಸಮಗೊಳಿಸಬಹುದು. ಅದರ ಮೇಲೆ ನಮೂದಾದ ಕನಿಷ್ಠ ದಪ್ಪಕ್ಕಿಂತ ತೆಳುವಾಗುವಂತಿದ್ದರೆ ಬದಲಿಸಬೇಕು. ಎಡ ಮತ್ತು ಬಲ ಡಿಸ್ಕ್‌ಗಳನ್ನು ಜೊತೆಯಾಗಿ ಬದಲಿಸುವುದು ವಾಡಿಕೆ. ಹಬ್‌ನ ತುಕ್ಕು ತೆಗೆಯದೆ ಹೊಸ ಡಿಸ್ಕ್ ಕೂರಿಸಿದರೆ ಕೆಲವು ಸಾವಿರ ಕಿಲೋಮೀಟರ್‌ಗಳಲ್ಲಿ ಕಂಪನ ಮರಳಬಹುದು. ನಟ್‌ಗಳನ್ನು ಎದುರುಬದುರಿನ ಕ್ರಮದಲ್ಲಿ, ತಯಾರಕರು ಸೂಚಿಸಿದ ಪ್ರಮಾಣಕ್ಕೆ ಟಾರ್ಕ್ ವ್ರೆಂಚ್‌ನಿಂದ ಬಿಗಿಗೊಳಿಸಬೇಕು.