ಬರಿಗಣ್ಣಿಗೆ ಕಾಣುವ ವಂಶದ ನೂಲು

ಮನುಷ್ಯನ ಡಿ.ಎನ್.ಎ.ಯನ್ನು ಬರಿಗಣ್ಣಿನಿಂದ ನೋಡಬಹುದೆ ಎಂದು ಕೇಳಿದರೆ, ಅಂಥ ಸೂಕ್ಷ್ಮ ವಸ್ತು ಕಣ್ಣಿಗೆ ಬೀಳುವುದುಂಟೆ ಎಂದು ನಗುವವರೇ ಹೆಚ್ಚು. ಆದರೆ ಆ ವಸ್ತುವನ್ನು ಮೊಟ್ಟಮೊದಲು ಬೇರ್ಪಡಿಸಿದಾತ ಅದನ್ನು ಕಂಡದ್ದು ಬರಿಗಣ್ಣಿನಿಂದಲೇ. ಅದೂ ಮನುಷ್ಯನದೇ ಆಗಿತ್ತು.

ಆತ ಸ್ವಿಟ್ಜರ್ಲೆಂಡಿನ ಫ್ರೀಡ್ರಿಕ್ ಮೀಶರ್. ವೈದ್ಯ ವ್ಯಾಸಂಗವನ್ನು ಮುಗಿಸಿದ್ದ ಈ ತರುಣ 1869ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ ಹೋಪ್ಪೆ-ಸೈಲರ್ ಎಂಬ ವಿದ್ವಾಂಸರ ಬಳಿ ದುಡಿಯುತ್ತಿದ್ದ. ಪ್ರಯೋಗಾಲಯವೆಂದರೆ ಹಳೆಯ ಕೋಟೆಯೊಂದರ ಅಡಿಗೆಮನೆ. ಆಸ್ಪತ್ರೆಯಿಂದ ಗಾಯಾಳುಗಳ ಪಟ್ಟಿಗಳನ್ನು ತರಿಸಿ, ಅವುಗಳಿಗೆ ಅಂಟಿದ್ದ ಕೀವನ್ನು ಲವಣದ ನೀರಿನಲ್ಲಿ ತೊಳೆದು ತೆಗೆಯುವುದು ಆತನ ಕೆಲಸ. ಓದಲು ಹೇಸಿಗೆಯೆನಿಸಬಹುದು, ಆದರೆ ಕೀವಿನ ತುಂಬ ಇರುವುದು ಬಿಳಿಯ ರಕ್ತಕಣಗಳು, ಆ ಕಣಗಳೊಳಗೆ ದೊಡ್ಡದಾದ ಕೋಶಕೇಂದ್ರ. ಹಂದಿಯ ಜಠರದಿಂದ ತೆಗೆದ ಪೆಪ್ಸಿನ್ನಿನಿಂದ ಪ್ರೋಟೀನನ್ನು ಕಳೆದು, ಉಳಿದುದನ್ನು ಕ್ಷಾರದಲ್ಲಿ ಕರಗಿಸಿ ಆಮ್ಲ ಬೆರೆಸಿದಾಗ ಗಸಿಯೊಂದು ಬೇರೆಯಾಗಿ ಕೂಡಿತು. ಅದರಲ್ಲಿ ರಂಜಕ ಹೇರಳವಾಗಿತ್ತು. ಮೀಶರ್ ಅದನ್ನು ‘ನ್ಯೂಕ್ಲೀನ್’ ಎಂದು ಕರೆದ. ಗುರುಗಳಿಗೆ ನಂಬಿಕೆ ಸಾಲದೆ, ತಾವೇ ಆ ಪ್ರಯೋಗಗಳನ್ನು ಮರಳಿ ಮಾಡಿ ನೋಡಿದರು. ಲೇಖನ ಅಚ್ಚಾದದ್ದು 1871ರಲ್ಲಿ.

ಹಾಗಾದರೆ ಆತ ಕಂಡದ್ದು ಏನನ್ನು? ಡಿ.ಎನ್.ಎ. ಅಣುವಿನ ಅಗಲ ಸುಮಾರು 2 ನ್ಯಾನೋಮೀಟರ್. 5 ಲಕ್ಷ ಎಳೆಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಒಂದು ಮಿಲಿಮೀಟರು ತುಂಬುತ್ತದೆ. ಉದ್ದದಲ್ಲಿ ಮಾತ್ರ ಅದು ಬಡವಲ್ಲ: ಒಂದೇ ಜೀವಕೋಶದ 46 ವರ್ಣತಂತುಗಳ ಎಳೆಗಳನ್ನು ಬಿಡಿಸಿ ಸಾಲಾಗಿ ಹಿಡಿದರೆ 2 ಮೀಟರಿನಷ್ಟಾಗುತ್ತದೆ. ಅವುಗಳಲ್ಲಿ ಅತಿ ಉದ್ದನೆಯದೇ ಸುಮಾರು 8 ಸೆಂಟಿಮೀಟರು. ಬೆರಳುದ್ದದ ವಸ್ತುವಾದರೂ ಅಗಲವಿಲ್ಲದ್ದರಿಂದ ಕಾಣದು. ಹಿಂಜಿದ ಹತ್ತಿಯ ಒಂದು ಎಳೆ ಅಂಗಳದಾಚೆಯಿಂದ ಕಾಣುವುದಿಲ್ಲ, ಹೊಸೆದ ಬತ್ತಿ ಕಾಣುತ್ತದೆ. ಮೀಶರ್ ಕಂಡದ್ದು ಬತ್ತಿಯನ್ನು, ಎಳೆಯನ್ನಲ್ಲ.

ಆ ಬತ್ತಿಯನ್ನು ಕಾಣಲು ಇಂದು ಕೀವು ಬೇಕಿಲ್ಲ. ಉಪ್ಪು ಬೆರೆಸಿದ ನೀರನ್ನು ಬಾಯಿಯಲ್ಲಿ ಒಂದು ನಿಮಿಷ ಬಲವಾಗಿ ಮುಕ್ಕಳಿಸಿ ಲೋಟಕ್ಕೆ ಉಗುಳಿರಿ. ಕೆನ್ನೆಯ ಒಳಪದರದ ಕೋಶಗಳು ಅದರೊಡನೆ ಬರುತ್ತವೆ. ಪಾತ್ರೆ ತೊಳೆಯುವ ದ್ರವ ಸಾಬೂನಿನ ಕೆಲವು ಹನಿ ಹಾಕಿ, ನೊರೆಯೇಳದಂತೆ ಮೆಲ್ಲಗೆ ಕಲಕಿರಿ. ಕೋಶದ ಪೊರೆ ಕೊಬ್ಬಿನದು. ಸಾಬೂನು ಅದನ್ನು ಒಡೆಯುತ್ತದೆ. ಬಳಿಕ ಚೆನ್ನಾಗಿ ತಣಿಸಿದ ಸ್ಪಿರಿಟ್ಟನ್ನು ಲೋಟವನ್ನು ಓರೆಮಾಡಿ ಅಂಚಿನಿಂದ ಇಳಿಬಿಡಿರಿ. ಡಿ.ಎನ್.ಎ. ನೀರಿನಲ್ಲಿ ಕರಗುತ್ತದೆ, ಸ್ಪಿರಿಟ್ಟಿನಲ್ಲಿ ಕರಗದು. ಉಪ್ಪು ಎಳೆಗಳ ವಿದ್ಯುದಂಶವನ್ನು ತಗ್ಗಿಸಿ ಅವು ಒಂದಕ್ಕೊಂದು ಕೂಡಿಕೊಳ್ಳಲು ನೆರವಾಗುತ್ತದೆ. ಕೆಲವು ನಿಮಿಷಗಳಲ್ಲಿ ಎರಡು ದ್ರವಗಳು ಸಂಧಿಸುವೆಡೆಯಲ್ಲಿ ಬಿಳಿಯ ನೂಲಿನಂಥದು ತೇಲಿಬರುತ್ತದೆ. ಮಕ್ಕಳು ಮಾಡುವಾಗ ಹಿರಿಯರು ಜತೆಗಿರಬೇಕು, ಹತ್ತಿರ ಒಲೆ ಉರಿಯುತ್ತಿರಕೂಡದು. ಸ್ಪಿರಿಟ್ಟು ಬೆಂಕಿಗೆ ಬಲು ಬೇಗ ಹತ್ತುತ್ತದೆ.

ಇದನ್ನು ನೋಡಿ ‘ಸುರುಳಿ ಏಣಿಯನ್ನು ಕಂಡೆ’ ಎನ್ನುವ ಮಕ್ಕಳುಂಟು. ಅವರ ಉತ್ಸಾಹವನ್ನು ಕುಗ್ಗಿಸಲು ಮನಸ್ಸಾಗದಾದರೂ, ಅದು ಸತ್ಯವಲ್ಲ. ನೂಲಿನೊಡನೆ ಪ್ರೋಟೀನೂ ಬಾಯಿಯ ಲೋಳೆಯೂ ಬೆರೆತಿರುತ್ತವೆ. ಬಾಳೆಯ ಹಣ್ಣನ್ನು ಕಿವಿಚಿ ಇದೇ ಕ್ರಮದಲ್ಲಿ ತೆಗೆದರೂ ಇಂಥದೇ ನೂಲು ಸಿಕ್ಕುತ್ತದೆ. ಅದು ಮನುಷ್ಯನದೋ ಬಾಳೆಯದೋ, ತಂದೆಯದೋ ಮಗನದೋ ಎಂದು ಕಣ್ಣು ಹೇಳಲಾರದು.

ಸಾಧಾರಣ ಸೂಕ್ಷ್ಮದರ್ಶಕವೂ ಇಲ್ಲಿ ಸೋಲುತ್ತದೆ. ಕಣ್ಣಿಗೆ ಗೋಚರಿಸುವ ಬೆಳಕಿನ ಅಲೆಯುದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಅದರ ಮುಂದೆ 2 ನ್ಯಾನೋಮೀಟರ್ ಯಾವ ಲೆಕ್ಕ? ಹೊಳೆಯುವ ಬಣ್ಣ ಕಟ್ಟಿದರೆ ಒಂಟಿ ಎಳೆಯೂ ಬೆಳಕಿನ ಗೆರೆಯಾಗಿ ತೋರುವುದುಂಟು. ಅದು ದೂರದ ಗುಡ್ಡದ ಮೇಲಣ ದೀಪದಂತೆ: ಬೆಳಕು ಕಾಣುತ್ತದೆ, ಹಣತೆಯ ಆಕಾರ ಕಾಣುವುದಿಲ್ಲ.

ಆಕಾರ ತಿಳಿದದ್ದೂ ಆ ಬತ್ತಿಯಿಂದಲೇ ಎಂಬುದು ಸ್ವಾರಸ್ಯ. 1950ರಲ್ಲಿ ಬರ್ನ್ ನಗರದ ರುಡಾಲ್ಫ್ ಸಿಗ್ನರ್ ಕರುವಿನ ಥೈಮಸ್ ಗ್ರಂಥಿಯಿಂದ ತೆಗೆದ ಶುದ್ಧ ಡಿ.ಎನ್.ಎ.ಯನ್ನು ಲಂಡನ್ನಿನಲ್ಲಿ ಹಂಚಿದರು. ಅದರ ಲೋಳೆಗೆ ಗಾಜಿನ ಕಡ್ಡಿಯನ್ನು ಮುಟ್ಟಿಸಿ ಎತ್ತಿದಾಗ ಜೇಡನ ನೂಲಿನಂಥ ಎಳೆ ಬಂದುದನ್ನು ಮಾರಿಸ್ ವಿಲ್ಕಿನ್ಸ್ ಗಮನಿಸಿದರು. ಅಂಥ ನೂಲಿನೊಳಗೆ ಕ್ಷಕಿರಣವನ್ನು ಹಾಯಿಸಿಯೇ 1952ರ ಮೇ ತಿಂಗಳಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಮತ್ತು ರೇಮಂಡ್ ಗಾಸ್ಲಿಂಗ್ ಹೆಸರಾಂತ ಚಿತ್ರವನ್ನು ಪಡೆದರು. ಮರುವರ್ಷ ವಾಟ್ಸನ್ ಮತ್ತು ಕ್ರಿಕ್ ಜೋಡಿ ಸುರುಳಿಯನ್ನು ಪ್ರಕಟಿಸಿದರು. ಕಂಡ ವಸ್ತುವಿನ ರೂಪ ತಿಳಿಯಲು 84 ವರ್ಷ ಹಿಡಿಯಿತು.

ಮೀಶರ್ ತೆಗೆದ ನ್ಯೂಕ್ಲೀನಿನ ಗಾಜಿನ ನಳಿಕೆಯೊಂದನ್ನು ಟ್ಯೂಬಿಂಗೆನ್ನಿನಲ್ಲಿ ಇಂದಿಗೂ ಕಾದಿರಿಸಿದ್ದಾರೆ. ಆದರೆ ಅದು ಕೀವಿನದಲ್ಲ. ಅನಂತರದ ದಿನಗಳಲ್ಲಿ ಆತ ಆರಿಸಿಕೊಂಡ ಸಾಲ್ಮನ್ ಮೀನಿನ ವೀರ್ಯದ್ದು.